ಹೊಸ್ತಿಲ ಮೊಳೆ ಮತ್ತು ಹಳದಿ ದೀಪ

ಹೋದ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ನಮ್ಮ ಅತ್ತೆ ತೀರಿಕೊಂಡರು. ಅದಾದ ಮೇಲಿನ ಬೇಸಿಗೆಯಲ್ಲಿ ಕೊಟ್ಟೂರಿನ ನಮ್ಮ ಮನೆಯಲ್ಲಿ ನಡೆದದ್ದು ಇದು. ಇದನ್ನು ಅರ್ಧ ಕೇಳಿದವರು ಹೆದರುತ್ತಾರೆ, ಪೂರ್ತಿ ಕೇಳಿದವರು ಸುಮ್ಮನಾಗುತ್ತಾರೆ. ಅದಕ್ಕೇ ಪೂರ್ತಿ ಬರೆಯೋಣ ಎಂದು ಕೂತಿದ್ದೇನೆ.

ನಾನು ಮನೆಯಲ್ಲೇ ಕೂತು ಕೆಲಸ ಮಾಡುವವಳು. ಬೇರೆ ಬೇರೆ ಆಸ್ಪತ್ರೆಗಳಿಂದ ಬರುವ ವಿಮೆಯ ಕಾಗದಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಸರಿ ಇವೆಯೇ ಎಂದು ನೋಡಿ ಕಳಿಸಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಓಣಿಯವರು, "ಸೊಸಿ ಟಿವಿ ನೋಡಿದಂಗ ಮುಂಜಾನಿಂದ ಕುಂತಿರ್ತಾಳ" ಎಂದು ಆಡಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಆಕಿ ಕುಂತು ದುಡಿತಾಳ. ನೀವು ನಿಂತು ಏನು ದುಡದೀರಿ ಹೇಳ್ರಿ" ಎಂದು ಕೇಳಿದ್ದರು. ಬಾಯಿ ಜೋರು ಎಂದು ತವರಿನಲ್ಲಿ ಹೆಸರು ತೆಗೆದುಕೊಂಡು ಬಂದ ನನಗೆ ನನಗಿಂತ ಜೋರಿನವರು ಸಿಕ್ಕಿದ್ದರು. ನನಗಂತೂ ಬಹಳ ಖುಷಿಯಾಗಿತ್ತು.

ಇಂಟರ್ನೆಟ್ ಹಾಕಿಸುವಾಗಲೂ ಅತ್ತೆಯದೇ ಯಜಮಾನಿಕೆ. ಕೇಬಲ್ ಆಫೀಸಿನ ಮಂಜಣ್ಣ ಬಂದು ಹೊರಗಿನ ಕಟ್ಟೆಯ ಗೋಡೆಗೆ ಪೆಟ್ಟಿಗೆ ಕೂರಿಸಿದ. ನಮ್ಮದು ಹಳೆಯ ಕಾಲದ ದಪ್ಪ ಕಲ್ಲಿನ ಗೋಡೆ. ವೈಫೈ ಒಳಗೆ ಬರುತ್ತಿರಲಿಲ್ಲ, ಬಂದರೂ ಕುಂಟುತ್ತಿತ್ತು. ಪೆಟ್ಟಿಗೆಯಿಂದ ಪಡಸಾಲೆಯ ಕಂಪ್ಯೂಟರಿನವರೆಗೆ ಒಂದು ನೀಲಿ ಕೇಬಲ್ ಎಳೆಯಬೇಕೆಂದು ಹೇಳಿ, ಅದನ್ನು ಹೊಸ್ತಿಲ ಮೇಲೆಯೇ ಹಾಸಲು ಹೊರಟ. ಅತ್ತೆ ಅಡ್ಡ ನಿಂತರು.

"ಹೊಸ್ತಿಲ ಮ್ಯಾಲ ವೈರ್ ಎಳದ್ರ ನಾ ಅರಿಶಿಣ ಎಲ್ಲಿ ಹಚ್ಚಬೇಕೋ? ಕೆಳಗಿಂದ ಹಾಕು."

ಹೊಸ್ತಿಲ ಕಟ್ಟಿಗೆಗೂ ಕೆಳಗಿನ ಕಲ್ಲಿಗೂ ನಡುವೆ ಒಂದು ಸಂದು ಇತ್ತು. ಮಂಜಣ್ಣ ಗೊಣಗುತ್ತ ಕೇಬಲನ್ನು ಆ ಸಂದಿನೊಳಗೆ ತೂರಿಸಿ, ಎರಡೂ ಬದಿ ಸಿಮೆಂಟ್ ಮೆತ್ತಿದ. ಆಮೇಲೆ ಕಂಪ್ಯೂಟರಿಗೆ ಕೇಬಲ್ ಚುಚ್ಚುವ ಜಾಗದಲ್ಲಿ ಹೊತ್ತಿಕೊಂಡ ಸಣ್ಣ ದೀಪ ತೋರಿಸಿದ.

"ಈ ವೈರಿನಾಗ ಎಂಟು ಎಳಿ ಅದಾವಕ್ಕ. ಎರಡೆರಡು ಹೆಣದು ನಾಕು ಜೋಡಿ. ಎಂಟೂ ಸರಿಯಿದ್ರ ದೀಪ ಹಸಿರು, ಪೂರಾ ಸ್ಪೀಡು. ಒಂದು ಎಳಿ ಕೈಕೊಟ್ರೂ ಹಳದಿ ಆಗತೈತಿ. ಆವಾಗ ಸ್ಪೀಡು ಹತ್ತರಾಗ ಒಂದು ಪಾಲು."

ಇದನ್ನು ನನಗಿಂತ ಗಮನವಿಟ್ಟು ಕೇಳಿದವರು ಅತ್ತೆ. ಅವತ್ತಿನಿಂದ ಸಂಜೆ ದೇವರ ಮುಂದೆ ದೀಪ ಹಚ್ಚಿ, ಹೊಸ್ತಿಲಿಗೂ ಒಂದು ಹಣತೆ ತಂದು ಇಟ್ಟು, ಅಲ್ಲಿಂದಲೇ ಕೇಳುತ್ತಿದ್ದರು. "ಹಸಿರು ಐತೇನವ್ವಾ?" ನಾನು ತಲೆ ಎತ್ತದೆ "ಐತ್ರಿ ಅತ್ತಿ" ಎನ್ನುತ್ತಿದ್ದೆ. "ಹಂಗಾರ ಎರಡೂ ದೀಪ ಹತ್ತಿದ್ವು" ಎಂದು ಒಳಗೆ ಹೋಗುತ್ತಿದ್ದರು. ಒಮ್ಮೊಮ್ಮೆ ಕೆಲಸದ ಗಡಿಬಿಡಿಯಲ್ಲಿ ನನಗೆ ಸಿಟ್ಟೂ ಬರುತ್ತಿತ್ತು. ದಿನಾ ಅದೇ ಮಾತು ಏನು ಕೇಳುವುದು ಅನಿಸುತ್ತಿತ್ತು.

ಅಂಥವರು ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ಮುಟ್ಟಲೇ ಇಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಮಾವನ ಅಕ್ಕ ಪಂಚಾಂಗ ತೋರಿಸಿಕೊಂಡು ಬಂದರು. ಅವರು ಉಜ್ಜಿನಿಯವರು, ನಾವೆಲ್ಲ ದೊಡ್ಡತ್ತೆ ಎನ್ನುತ್ತೇವೆ. ಅವರ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮಾತಿಲ್ಲ.

"ಕೆಟ್ಟ ನಕ್ಷತ್ರದಾಗ ಜೀವ ಹೋಗೇತಿ. ಮನಿ ಬಿಡಬೇಕು. ಬಾಗಿಲಿಗೆ ಮುಳ್ಳು ಬಡಿದು, ಮೂರು ತಿಂಗಳು ಯಾರೂ ಈ ಕಡಿ ಬರಬಾರದು" ಎಂದರು.

ಮಾವ ಮೂಲೆಯಲ್ಲಿ ಗೋಡೆಗೆ ಒರಗಿದ್ದರು. ಮೆಲ್ಲಗೆ, "ಲಿಂಗೈಕ್ಯ ಆದಾಕಿಗೆ ಎಂಥ ನಕ್ಷತ್ರಬೇ ಅಕ್ಕಾ?" ಎಂದರು. ದೊಡ್ಡತ್ತೆ ಅಷ್ಟರಲ್ಲಿ ಮುಳ್ಳು ಎಲ್ಲಿ ಸಿಗುತ್ತದೆ ಎಂದು ವಿಚಾರಿಸತೊಡಗಿದ್ದರು.

ನನ್ನ ಗಂಡ ಕೊಟ್ರೇಶ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಮನೆ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಗೋದಾಮು ಮನೆಯ ಹಿಂದೆಯೇ ಇದೆ, ಮಳೆಗಾಲದ ಬೀಜ ಬರುವ ಹೊತ್ತು ಎಂದೆಲ್ಲ ಅವರು ಹೇಳಿದ ಮೇಲೆ ದೊಡ್ಡತ್ತೆ ಒಂದು ದಾರಿ ತೋರಿಸಿದರು. ಹೊಸ್ತಿಲಿಗೆ ಹೊರಗಿನ ಬದಿಯಿಂದ ಉದ್ದನೆಯ ಕಬ್ಬಿಣದ ಮೊಳೆ ಹೊಡೆಯಬೇಕು. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ಹಾಕಬೇಕು. "ಅದು ಆಕಿ ಬರೋ ಹೊತ್ತು" ಎಂದರು.

ಮೊಳೆ ಹೊಡೆದವರು ಕೊಟ್ರೇಶರೇ. ಸುತ್ತಿಗೆಯ ಸದ್ದು ಆಗುವಾಗ ಮಾವ ಎದ್ದು ಹಿತ್ತಲಿಗೆ ಹೋದರು. ನಾನು ಅಡುಗೆಮನೆಯಲ್ಲಿ ನಿಂತು, ಅತ್ತೆಗೆ ಹಿಂಗೂ ಮಾಡಬಹುದೇ ಎಂದು ಕಣ್ಣೀರು ಹಾಕಿದೆ. ಆದರೆ ಬೇಡ ಎನ್ನುವ ಧೈರ್ಯ ನನಗೂ ಬರಲಿಲ್ಲ. ಸತ್ತವರ ಮೇಲಿನ ಪ್ರೀತಿ ಬೇರೆ, ಹೆದರಿಕೆ ಬೇರೆ.

ಸಂಜೆಯಾದರೆ ಓಣಿಯ ಎಲ್ಲರ ಮನೆ ಬಾಗಿಲು ತೆರೆದುಕೊಳ್ಳುತ್ತಿದ್ದವು, ನಮ್ಮದೊಂದು ಮುಚ್ಚಿಕೊಳ್ಳುತ್ತಿತ್ತು. ಮಾವ ಆ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಗುಡಿಗೆ ಹೊರಟುಬಿಡುತ್ತಿದ್ದರು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಒಂದು ಸಂಜೆ ತೆರೆದ ಕಾಗದ ಅಲ್ಲೇ ನಿಂತಿತು. ಮೌಸ್ ಅಲ್ಲಾಡಿಸಿದರೆ ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಲೈನೇ ಕಡಿದುಹೋಗಿ ಮತ್ತೆ ಬಂತು, ಬಂದರೂ ಬಸವನಹುಳದ ಹಾಗೆ ತೆವಳುತ್ತಿತ್ತು. ಬಗ್ಗಿ ನೋಡಿದರೆ ಕಂಪ್ಯೂಟರಿನ ಆ ಸಣ್ಣ ದೀಪ ಹಳದಿಯಾಗಿತ್ತು. ಬೆಳಿಗ್ಗೆ ಎದ್ದು ಕಂಪ್ಯೂಟರ್ ಹಾಕಿದರೆ ಹಸಿರೇ ಇತ್ತು. ಏನೋ ಆಗಿರಬೇಕು ಎಂದು ಬಿಟ್ಟೆ.

ಮಾರನೆಯ ಸಂಜೆಯೂ ಹಾಗೇ ಆಯಿತು. ಅದರ ಮಾರನೆಯ ಸಂಜೆಯೂ. ದೇವರ ದೀಪ ಹಚ್ಚಿ ಬಂದು ಕೂತ ಸ್ವಲ್ಪ ಹೊತ್ತಿಗೆ ಸರಿಯಾಗಿ ಹಳದಿ. ಅತ್ತೆ "ಹಸಿರು ಐತೇನವ್ವಾ" ಎಂದು ಕೇಳುತ್ತಿದ್ದ ಹೊತ್ತು ಅದು. ಇದು ತಲೆಗೆ ಹೊಳೆದ ದಿನ ಎದ್ದು ಪಡಸಾಲೆಯ ಲೈಟೆಲ್ಲ ಹಾಕಿದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚಿ ಅನ್ನುತ್ತಾರೆ ಎಂದಲ್ಲ, ನಂಬಿಬಿಡುತ್ತಾರೆ ಎಂದು. ನಂಬಿದರೆ ಮುಂದೇನು ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ನನ್ನ ಜೊತೆ ಕೆಲಸ ಮಾಡುವ ಹಡಗಲಿಯ ಹುಡುಗಿ ಒಂದು ಸಂಜೆ ಫೋನಿನ ಮಾತಿನ ನಡುವೆ ನಿಲ್ಲಿಸಿ, "ಗಿರಿಜಕ್ಕ, ನಿಮ್ಮನ್ಯಾಗ ಏನದು ಕೆರೆಯೋ ಸದ್ದು? ಇಲಿ ಅದಾವೇನು?" ಎಂದು ಕೇಳಿದಳು. ನನ್ನ ಕಿವಿ ಮುಚ್ಚಿತ್ತು, ನನಗೆ ಏನೂ ಕೇಳಿಸಿರಲಿಲ್ಲ. ಹೆಡ್‌ಫೋನ್ ಕಿತ್ತು ಹಾಕಿ ಆಲಿಸಿದೆ. ಪಡಸಾಲೆ ಸದ್ದಿಲ್ಲದೆ ತಣ್ಣಗಿತ್ತು. ದೀಪ ಮಾತ್ರ ಹಳದಿಯಾಗಿತ್ತು.

ಮರುದಿನ ಮಂಜಣ್ಣನನ್ನು ಕರೆಸಿದೆ. ಅವನು ಕೇಬಲಿನ ಎರಡೂ ತುದಿ ಕತ್ತರಿಸಿ, ಎಂಟು ಎಳೆಗಳನ್ನು ಬಣ್ಣದ ಪ್ರಕಾರ ಜೋಡಿಸಿ ಹೊಸ ಪಿನ್ ಒತ್ತಿದ. ಆಚೆ ಒಂದು, ಈಚೆ ಒಂದು ಯಂತ್ರ ಹಚ್ಚಿ ನೋಡಿದ. ಎಲ್ಲ ಎಳೆಯೂ ಸರಿ ತೋರಿಸಿತು. ಪಕ್ಕದ ಕರೆಂಟಿನ ವೈರ್ ಇರಬಹುದೇ ಎಂದು ಅದನ್ನೂ ದೂರ ಸರಿಸಿದ. ಚಹಾ ಕುಡಿಯುತ್ತ ಕೂತಾಗ ನಾನೇ ಕೇಳಿದೆ.

"ಹೊಸ್ತಿಲಿಗೆ ಮೊಳಿ ಹೊಡದೀವಿ ಮಂಜಣ್ಣ. ಅದು ಕೆಳಗ ಕೇಬಲ್‌ಗೆ ತಾಗಿರಬಹುದೇನು?"

"ತಾಗಿದ್ರ ತಾಗಿರತೈತಕ್ಕ. ಎಳಿಗಳ ನಡುವ ಹೊಕ್ಕಿದ್ರ ಹಂಗೇ ಕುಂತಿರತೈತಿ, ಏನೂ ಆಗೂದಿಲ್ಲ. ಎಳಿ ಕಡದಿದ್ರ ಹಗಲೂ ಹಳದಿನ ಇರಬೇಕಿತ್ತು. ಬರೇ ಸಂಜಿ ಹೊತ್ತು ಹಿಂಗಾಗಬೇಕಂದ್ರ ಆ ಮೊಳಿ ದಿನಾ ಸಂಜಿ ಅಲ್ಲಾಡಬೇಕು. ಮೊಳಿ ತಾನಾಗೇ ಯಾಕ ಅಲ್ಲಾಡತೈತಿ?"

ಹೇಳಿದವನೇ ಮೊಳೆ ಯಾಕೆ ಹೊಡೆದಿದ್ದೇವೆ ಎಂದು ಕೇಳಿದ. ಹೇಳಿದೆ. ಅರ್ಧ ಚಹಾ ಅಲ್ಲೇ ಇಟ್ಟು ಎದ್ದ. "ಸಂಜಿ ಮ್ಯಾಲ ನನ್ನ ಕರೀಬ್ಯಾಡಕ್ಕ, ಹೊಲದ ಕಡಿ ಇರ್ತೀನಿ" ಎಂದು ಬೈಕ್ ಹತ್ತಿದ. ಅವನಿಗೆ ಹೊಲವೇ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಕೊಟ್ರೇಶರಿಗೆ ಎಲ್ಲ ಹೇಳಿದೆ. ಅವರು ತುತ್ತು ಬಿಟ್ಟು ಎದ್ದು ಬ್ಯಾಟರಿ ಹಿಡಿದು ಹೊಸ್ತಿಲಿಗೆ ಹೋದರು. ಕಟ್ಟಿಗೆಯ ಮಟ್ಟಕ್ಕೆ ಬಡಿದಿದ್ದ ಮೊಳೆ ಬೆರಳ ಉಗುರಿನಷ್ಟು ಮೇಲೆದ್ದಿತ್ತು. ಅವರ ಮುಖ ನೋಡಿ ನನಗೆ ಮೊಳೆಗಿಂತ ಹೆಚ್ಚು ಹೆದರಿಕೆಯಾಯಿತು. ಸುತ್ತಿಗೆ ತಂದು ಮತ್ತೆ ಬಡಿದರು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಮೇಲೆದ್ದಿತ್ತು.

ಮಾವನನ್ನು ಕೇಳಿದೆವು. "ಕಟ್ಟಿಗಿ ಹಳೇದು, ಬಿಸಿಲಿಗೆ ಬಿರಿತೈತಿ" ಎಂದು ತಟ್ಟೆ ನೋಡುತ್ತ ಉಂಡರು.

ವಿಷಯ ಉಜ್ಜಿನಿಗೆ ಮುಟ್ಟಿತು. ದೊಡ್ಡತ್ತೆ ಬಸ್ಸಿಳಿದು ಬಂದವರು ನೀರೂ ಕುಡಿಯಲಿಲ್ಲ, ಹೊಸ್ತಿಲ ಮುಂದೆ ಬಗ್ಗಿ ಮೊಳೆ ನೋಡಿದರು. "ಒಳಗ ಬರಾಕ ಹತ್ಯಾಳ. ನಾ ಹೇಳಿದ್ದು ಆವತ್ತೇ ಕೇಳಬೇಕಿತ್ತು" ಎಂದರು. ತೀರ್ಮಾನ ಆಗಿಹೋಯಿತು. ಮರುದಿನವೇ ಮನೆಗೆ ಬೀಗ. ನಾನು, ಕೊಟ್ರೇಶ ಅಂಗಡಿಯ ಮೇಲಿನ ಕೋಣೆಗೆ. ಮಾವ ಉಜ್ಜಿನಿಗೆ, ದೊಡ್ಡತ್ತೆಯ ಜೊತೆ. ಆಮೇಲೆ ಈ ಮನೆ ಕೆಡವಿ ಹೊಸದು ಕಟ್ಟಿಸುವುದೇ ಒಳ್ಳೆಯದು ಎಂಬ ಮಾತೂ ಬಂತು. ಮಾವ ಮದುವೆಯಾಗಿ ಅತ್ತೆಯನ್ನು ಕರೆದುಕೊಂಡು ಬಂದ ಮನೆ ಅದು. ಮಂಡಕ್ಕಿ ಭಟ್ಟಿಯ ಬಿಸಿಗೆ ಕೈ ಸುಟ್ಟುಕೊಂಡು ದುಡಿದು ಉಳಿಸಿಕೊಂಡ ಮನೆ. ಅದನ್ನು ಬಿಟ್ಟು ಅವರು ಬದುಕುತ್ತಾರೆ ಎಂದು ನನಗಂತೂ ಅನಿಸಲಿಲ್ಲ. ಅವರು ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರ ಪಂಚೆ ಅಂಗಿಗಳನ್ನು ನಾನೇ ಚೀಲಕ್ಕೆ ತುಂಬಿದೆ.

ಆ ಸಂಜೆ ಕೊಟ್ರೇಶ ಅಂಗಡಿಯ ಕೋಣೆ ಸ್ವಚ್ಛ ಮಾಡಿಸಲು ಹೋಗಿದ್ದರು. ಮಾವ ಎಂದಿನಂತೆ ಗುಡಿಗೆ. ದೊಡ್ಡತ್ತೆ ದೇವರ ಮನೆಯಲ್ಲಿದ್ದರು. ಮುಂಬಾಗಿಲು ಹಾಕಿತ್ತು. ನಾನು ಪಡಸಾಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತೆ, ಬೇಕೆಂದೇ ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ. ಕೆಲಸ ಮಾಡುವ ಹಾಗೆ ಕೈ ಆಡಿಸುತ್ತಿದ್ದೆ, ಕಣ್ಣು ಆ ಹಸಿರು ದೀಪದ ಮೇಲಿತ್ತು. ಹೊರಗೆ ಬೆಳಕು ಇಳಿಯುತ್ತಿತ್ತು. ಲೈಟು ಹಾಕಲು ಎದ್ದರೆ ಏನೋ ತಪ್ಪಿಹೋಗುತ್ತದೆ ಅನಿಸಿ ಹಾಗೇ ಕೂತೆ.

ಮೊದಲು ಸದ್ದು ಬಂತು. ಬಾಗಿಲ ಬುಡದಲ್ಲಿ ಯಾರೋ ಮೆಲ್ಲಗೆ ಕೆರೆಯುವ ಸದ್ದು. ನಿಂತಿತು. ಮತ್ತೆ ಕೆರೆಯಿತು. ದೀಪ ಒಮ್ಮೆ ಆರಿತು, ಹೊತ್ತಿತು. ಹಳದಿ.

ದೊಡ್ಡತ್ತೆಯನ್ನು ಕೂಗೋಣ ಎಂದುಕೊಂಡೆ. ಕೆರೆಯುವ ಸದ್ದು ನಿಲ್ಲುತ್ತಿಲ್ಲ. ಗಾಳಿಯದಲ್ಲ, ಇಲಿಯದಲ್ಲ, ಬಿಡದೆ ಒಂದೇ ಕೆಲಸ ಮಾಡುವ ಮನುಷ್ಯರ ಸದ್ದು ಅದು. ಬಾಗಿಲ ಈಚೆ ನಾನು, ಆಚೆ ಅದು, ನಡುವೆ ಒಂದು ಹಲಗೆ ಅಷ್ಟೇ. ಯಾಕೆ ಹಾಗೆ ಬಾಯಿಂದ ಬಂತೋ ನನಗೆ ಇವತ್ತಿಗೂ ತಿಳಿಯದು.

"ಅತ್ತಿ?" ಎಂದೆ.

ಸದ್ದು ಥಟ್ಟನೆ ನಿಂತಿತು.

ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಹೆದರಿಕೆಯೋ ಸಿಟ್ಟೋ, ಎದ್ದು ಹೋಗಿ ಚಿಲಕ ತೆಗೆದು ಬಾಗಿಲು ಎಳೆದೆ.

ಹೊಸ್ತಿಲ ಆಚೆ ಮಾವ ಕುಕ್ಕರುಗಾಲಲ್ಲಿ ಕೂತಿದ್ದರು. ಒಂದು ಕೈ ಹೊಸ್ತಿಲ ಮೊಳೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಒಂದು ತಗಡಿನ ಚೂರು. ಬೆರಳ ತುದಿ ಹರಿದು ರಕ್ತ ಒಸರುತ್ತಿತ್ತು. ಆದರೆ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ ಹಿಂದಿನ ಓಣಿಯ ಕಡೆ ನೋಡುತ್ತಿದ್ದರು.

"ಮಾವಾರ" ಎಂದೆ.

ಆಗ ತಿರುಗಿದರು. "ನೀ ಅತ್ತಿ ಅಂದ್ಯಲ್ಲವ್ವ. ಬಂದಾಳೇನೋ ಅಂತ ನಾನೂ ತಿರುಗಿ ನೋಡಿದೆ" ಎಂದರು.

ನಾನು ಅಲ್ಲೇ ಹೊಸ್ತಿಲ ಒಳಗೆ ಕುಸಿದು ಕೂತೆ. ಗುಡಿಗೆ ಹೋಗುತ್ತೇನೆಂದು ಹೋದವರು ಮನೆ ಸುತ್ತಿ ಬಂದು, ಬಾಗಿಲು ಹಾಕಿದ ಹೊತ್ತು ನೋಡಿ, ದಿನಾ ಸಂಜೆ ಆ ಮೊಳೆಯನ್ನು ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ಕೀಳುತ್ತಿದ್ದರು. ಮಗ ಮತ್ತೆ ಬಡಿಯುತ್ತಿದ್ದ. ಇವರು ಮತ್ತೆ ಶುರು ಮಾಡುತ್ತಿದ್ದರು. ಓಣಿಯವರು ಕಂಡರೂ ಸುಮ್ಮನೆ ಕಟ್ಟೆಗೆ ಕೂತಿದ್ದಾರೆ ಅಂದುಕೊಂಡಿರಬೇಕು. ಭಟ್ಟಿಯಲ್ಲಿ ದುಡಿದು ಮರಗಟ್ಟಿದ ಬೆರಳುಗಳಿಗೆ ಹಿಡಿತವೇ ಇಲ್ಲ.

"ಇಕ್ಕಳ ತಗೊಂಡು ಒಮ್ಮಿಗೆ ಕಿತ್ತು ಒಗೀಬಹುದಿತ್ತಲ್ರಿ" ಎಂದೆ. ಅಷ್ಟು ಹೊತ್ತಿನ ಹೆದರಿಕೆಗೆ ನನ್ನ ದನಿ ಏರಿಯೇ ಇತ್ತು.

"ಒಮ್ಮಿಗೆ ಕಿತ್ರ ಮಗಾಗ ಗೊತ್ತಾಗತೈತಿ. ಇನ್ನೊಂದು ಬಡಿತಾನ. ತಾನಾಗೇ ಸಡ್ಲಾಗಿ ಬಂತು ಅನ್ಕೊಳ್ಳಿ ಅಂತ..." ಮಾತು ನಿಲ್ಲಿಸಿ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ನಾಳಿ ನನ್ನ ಕರ್ಕೊಂಡು ಹೋಗ್ತಾರ. ಅಷ್ಟರಾಗ ಇದು ಬರಬೇಕಿತ್ತವ್ವ. ಸಂತಿಗೆ ಹೋಗಿ ಬಂದ್ರ ಆಕಿ ಹೊರಗಿಂದ ಒಮ್ಮೆ ಕೆಮ್ಮತಿದ್ಲು, ನಾ ಬಾಗಿಲು ತೆಗಿತಿದ್ದೆ. ಈಗ ನಾನೂ ಇರೂದಿಲ್ಲ, ಬಾಗಿಲೂ ಹಾಕಿರತೈತಿ, ಮೊಳಿನೂ ಇರತೈತಿ. ಆಕಿ ಏನ್ ತಿಳ್ಕೋಬೇಕು?"

"ಬಂದ್ರ ನಿಮಗ ಹೆದರಿಕಿ ಆಗೂದಿಲ್ಲೇನ್ರಿ ಮಾವ?"

ಅವರು ನನ್ನನ್ನು ಏನೂ ತಿಳಿಯದ ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಬಂದ್ರ ಬರ್ಲಿ ಬಿಡವ್ವ. ಆಕಿ ಮನಿ ಇದು" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಒಳಗೆ ಹೋಗಿ ಇಕ್ಕಳ ತಂದೆ. ಅವರು ಹೊರಗಿನಿಂದ ಹೊಸ್ತಿಲ ಕಟ್ಟಿಗೆ ಅದುಮಿ ಹಿಡಿದರು, ನಾನು ಒಳಗಿನಿಂದ ಬಗ್ಗಿ ಎಳೆದೆ. ಮೊಳೆ ಕಿರುಗುಟ್ಟುತ್ತ ಬಂತು. ಪಡಸಾಲೆಯಲ್ಲಿ ಕಂಪ್ಯೂಟರಿನ ದೀಪ ಪೂರ್ತಿ ಆರಿಹೋಯಿತು. ತಲೆ ಎತ್ತಿ ನೋಡಿದರೆ ಹಿಂದೆ ದೊಡ್ಡತ್ತೆ ನಿಂತಿದ್ದರು, ಓಣಿಯಲ್ಲಿ ಕೊಟ್ರೇಶ ಗಾಡಿ ನಿಲ್ಲಿಸಿ ನಿಂತಿದ್ದರು. ಇಬ್ಬರಲ್ಲಿ ಯಾರು ಎಷ್ಟು ಕೇಳಿಸಿಕೊಂಡಿದ್ದರೋ ತಿಳಿಯದು. ಕೊಟ್ರೇಶ ಬಂದು ಅಪ್ಪನ ಪಕ್ಕ ಕಟ್ಟೆಯ ಮೇಲೆ ಕೂತು, ಅವರ ಹರಿದ ಬೆರಳನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡರು. ಮೊಳೆ ಹೊಡೆದ ಕೈ ಅದು.

ದೊಡ್ಡತ್ತೆ, "ತಮ್ಮಾ, ನಾ ನಿನ್ನ ಸಲುವಾಗೇ ಹೇಳಿದ್ದು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾವ, "ಗೊತ್ತೈತಬೇ ಅಕ್ಕಾ" ಎಂದರು. ನಾನು ತುಂಬಿದ್ದ ಚೀಲವನ್ನು ದೊಡ್ಡತ್ತೆಯೇ ಬಿಚ್ಚಿ, ಮಾವನ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿದರು. ಮುಂದೆ ಮನೆ ಬಿಡುವ ಮಾತನ್ನು ಅವರು ಎತ್ತಲಿಲ್ಲ.

ಮಾರನೆಯ ದಿನ ನಡು ಮಧ್ಯಾಹ್ನದಲ್ಲಿ, ಅದೂ ದೆವ್ವ ಗಿವ್ವ ಏನೂ ಇಲ್ಲ ಎಂದು ನಾನು ಮೂರು ಸಲ ಆಣೆ ಮಾಡಿದ ಮೇಲೆ, ಮಂಜಣ್ಣ ಬಂದು ಹಳೆಯ ಕೇಬಲ್ ಹೊರಗೆಳೆದ. ಹೊಸ್ತಿಲ ಕೆಳಗೆ ಬರುವ ಜಾಗದಲ್ಲಿ ನೀಲಿ ಸಿಪ್ಪೆಗೆ ತೂತು ಬಿದ್ದಿತ್ತು. ಒಳಗೆ ಕಂದು ಬಣ್ಣದ ಎಳೆ ಸವೆದು ಸವೆದು ತಾಮ್ರ ಕಂಡಿತ್ತು, ಕಡಿದೂ ಹೋಗಿತ್ತು. ಕೊನೆಗೆ ಮೊಳೆ ಎಳೆದಾಗ ಪಕ್ಕದ ಎಳೆಗಳೂ ಹರಿದಿದ್ದವು. ದಿನಾ ಸಂಜೆ ಮೊಳೆ ಅಲ್ಲಾಡಿದಾಗ ಆ ಕಂದು ಎಳೆಯ ತುದಿ ಬಿಟ್ಟುಕೊಳ್ಳುತ್ತಿತ್ತು, ಮಗ ಬಡಿದಾಗಲೋ ಕಟ್ಟಿಗೆ ಕುಗ್ಗಿದಾಗಲೋ ಮತ್ತೆ ಕೂಡುತ್ತಿತ್ತು. ಮಂಜಣ್ಣ ಅದನ್ನು ಬಿಸಿಲಿಗೆ ಹಿಡಿದು, "ನೋಡಕ್ಕ, ನಾ ಹೇಳಿದ್ದೇ ಖರೆ ಆತು. ಮೊಳಿ ತಾನಾಗೇ ಅಲ್ಲಾಡೂದಿಲ್ಲ" ಎಂದು ಎದೆ ಉಬ್ಬಿಸಿದ. ಹೊಸ ಕೇಬಲನ್ನು ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ ಅದೇ ಸಂದಿನಲ್ಲಿ ತೂರಿಸಿದ. ಹೊಸ್ತಿಲ ಮೇಲೆ ಹಾಕು ಎಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ಕಿತ್ತ ಮೊಳೆಯನ್ನು ಮಾವ ಏನು ಮಾಡಿದರೋ ನಾವು ಕೇಳಲಿಲ್ಲ.

ಈಗ ಸಂಜೆಯಾದರೆ ನಮ್ಮ ಬಾಗಿಲೂ ತೆರೆದಿರುತ್ತದೆ. ನಾನು ಹೊಸ್ತಿಲಿಗೆ ಅರಿಶಿಣ ಹಚ್ಚಿ ಹಣತೆ ಇಟ್ಟು ಬಂದು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಮಾವ ಗುಡಿಗೆ ಹೋಗುವುದಿಲ್ಲ, ಕಟ್ಟೆಯ ಮೇಲೆ ಓಣಿಯ ಕಡೆ ಮುಖ ಮಾಡಿ ಕೂತಿರುತ್ತಾರೆ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೇಳುತ್ತಾರೆ.

"ಹಸಿರು ಐತೇನವ್ವಾ?"

"ಐತ್ರಿ ಮಾವ."

"ಹಂಗಾರ ಎರಡೂ ದೀಪ ಹತ್ತಿದ್ವು" ಎನ್ನುತ್ತಾರೆ. ಆದರೂ ಒಳಗೆ ಬರುವುದಿಲ್ಲ, ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತಾರೆ.

ಆಗ ಹಳದಿ ಆಗದಿರಲಪ್ಪಾ ಎಂದು ದೇವರನ್ನು ಬೇಡಿಕೊಂಡವಳು ನಾನು. ಈಗ ಕೇಬಲಿನ ಎಂಟು ಎಳೆಯೂ ಸರಿಯಾಗಿವೆ, ಕೆಲಸ ಎಲ್ಲೂ ನಿಲ್ಲುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಣ್ಣು ಮಾತ್ರ ತಾನಾಗಿ ಆ ಕಡೆ ಹೋಗುತ್ತದೆ. ಯಾರೂ ಮುಟ್ಟದೆ, ಒಂದೇ ಒಂದು ಸಂಜೆ ಅದು ಹಳದಿಯಾಗಬಾರದೇ ಅನಿಸುತ್ತದೆ. ಅತ್ತಿ ಬಂದ್ರು ಎಂದು ಮಾವನಿಗೆ ಕೂಗಿ ಹೇಳಬಹುದಿತ್ತು.